ಪೊಲೀಸ್ರು ಕರ್ಕೊಂಡು ಹೋದ್ರು, ಎಲ್ಲಿಗೆ ಅಂತ ಗೊತ್ತಿಲ್ಲ: ದಸ್ತಗಿರಿ ದಾಖಲೆ ಹುಡುಕೋದು, ಕೇಳಿ ಪಡೆಯೋದು ಹೇಗೆ?

ಇದು ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಟೈಮ್ ಸಿಗದವರು ಓದ್ಕೊಳ್ಳಿ. ಕೇಳಿದವರು ಸೇವ್ ಮಾಡಿಟ್ಕೊಳ್ಳಿ, ಯಾಕಂದ್ರೆ ಇದು ಬೇಕಾಗೋ ದಿನ ನಿಮಗೆ ಕೂತು ಕೇಳೋ ಪುರುಸೊತ್ತು ಇರಲ್ಲ.

ಹೋದ ತಿಂಗಳು ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಬ್ರೋ, ನಮ್ಮಣ್ಣನ್ನ ರಾತ್ರಿ ಮಫ್ತಿಯಲ್ಲಿ ಬಂದೋರು ಕರ್ಕೊಂಡು ಹೋದ್ರು. ಮೂರು ಸ್ಟೇಷನ್ ಸುತ್ತಿದ್ವಿ. ಮೂರೂ ಕಡೆ ನಮ್ಮಲ್ಲಿಲ್ಲ ಅಂದ್ರು. ಅರೆಸ್ಟ್ ಆದವರ ಲಿಸ್ಟ್ ಆನ್‌ಲೈನಲ್ಲಿ ಎಲ್ಲಾದ್ರೂ ಸಿಗತ್ತಾ?" ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರತ್ತೆ. ಒಬ್ಬರಿಗೆ ಬಾಡಿಗೆಗೆ ಬರೋ ಹುಡುಗನ ಮೇಲೆ ಕೇಸ್ ಇದೆಯಾ ಅಂತ ನೋಡ್ಬೇಕು. ಇನ್ನೊಬ್ಬರಿಗೆ ಕಾಲೇಜಿನ ಪ್ರತಿಭಟನೆ ದಿನ ತಮ್ಮ ಹೆಸರು ಎಲ್ಲಾದ್ರೂ ದಾಖಲಾಗಿದೆಯಾ ಅಂತ ತಿಳ್ಕೋಬೇಕು.

ಗೂಗಲ್‌ನಲ್ಲಿ 'ಅರೆಸ್ಟ್ ರೆಕಾರ್ಡ್ಸ್' ಅಂತ ಹುಡುಕಿ ನೋಡಿ. ಮೊದಲ ಪುಟದಲ್ಲಿ ಬರೋದು ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಎಷ್ಟೋ ಕೌಂಟಿಗಳ ಶೆರಿಫ್ ಕಚೇರಿಗಳು ಜೈಲಿನಲ್ಲಿರೋರ ಪಟ್ಟಿಯನ್ನು ಫೋಟೋ ಸಮೇತ ವೆಬ್‌ಸೈಟಲ್ಲಿ ಹಾಕ್ತಾವೆ. ಅದನ್ನೇ ಎತ್ಕೊಂಡು ದುಡ್ಡಿಗೆ ತೋರಿಸೋ ಖಾಸಗಿ ಸೈಟುಗಳೂ ಇವೆ. ನಮ್ಮ ದೇಶದಲ್ಲಿ ಹೆಸರು ಹಾಕಿದ ತಕ್ಷಣ ದಸ್ತಗಿರಿ ಇತಿಹಾಸ ತೋರಿಸೋ ಸರ್ಕಾರಿ ಸರ್ಚ್ ಬಾಕ್ಸ್ ಸಾರ್ವಜನಿಕರಿಗೆ ಇಲ್ಲ. ಹಾಗಾಗಿ 'ಇಂಡಿಯಾ ಅರೆಸ್ಟ್ ಸರ್ಚ್' ಅಂತ ಹೇಳಿ ಕಾರ್ಡ್ ನಂಬರ್ ಕೇಳೋ ಸೈಟಿಗೆ ಒಂದು ರೂಪಾಯಿನೂ ಕಟ್ಬೇಡಿ.

ಹಾಗಂತ ಏನೂ ಸಿಗಲ್ಲ ಅಂತಲ್ಲ. ಕಾನೂನು ಪೊಲೀಸರಿಗೆ ಹೇಳಿರೋದು ತುಂಬಾ ಇದೆ. ಅದು ಎಲ್ಲಿ ಬರೆದಿದೆ, ಯಾರನ್ನ ಕೇಳ್ಬೇಕು ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಒಂದು ದಸ್ತಗಿರಿ, ಎಷ್ಟು ಕಾಗದ?

ನಾನು ಬಿಕಾಂ ಓದಿದವನು. ನಮ್ಮ ಮೇಷ್ಟ್ರು ಹೇಳ್ತಿದ್ರು, ಒಂದು ವ್ಯವಹಾರ ನಿಜವಾಗಿ ನಡೆದಿದ್ರೆ ಅದು ಒಂದೇ ಪುಸ್ತಕದಲ್ಲಿ ಇರಲ್ಲ, ವೋಚರಲ್ಲಿ, ಡೇ ಬುಕ್ಕಲ್ಲಿ, ಲೆಡ್ಜರಲ್ಲಿ ಮೂರೂ ಕಡೆ ಗುರುತು ಬಿಟ್ಟಿರತ್ತೆ ಅಂತ. ದಸ್ತಗಿರಿನೂ ಹಾಗೇ. ಕಾನೂನು ಪ್ರಕಾರ ನಡೆದ ದಸ್ತಗಿರಿ ಕನಿಷ್ಠ ಆರು ಕಡೆ ಗುರುತು ಬಿಡತ್ತೆ. ಒಂದು ಕಡೆ ಬಾಗಿಲು ಹಾಕಿದ್ರೆ ಇನ್ನೊಂದು ಕಡೆ ತಟ್ಟಬಹುದು.

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್ ಬಂದಿದೆ. ಕೆಳಗಿನ ಕಲಂ ನಂಬರುಗಳು ಅದರವು.

ಒಂದು, ಎಫ್‌ಐಆರ್. ಕನ್ನಡದಲ್ಲಿ ಪ್ರಥಮ ವರ್ತಮಾನ ವರದಿ. ಕಲಂ 173. ಇದು ಅಪರಾಧದ ದಾಖಲೆ, ದಸ್ತಗಿರಿಯ ದಾಖಲೆ ಅಲ್ಲ. ಎಫ್‌ಐಆರ್‌ನಲ್ಲಿ ಹೆಸರಿದ್ರೂ ದಸ್ತಗಿರಿ ಆಗದೇ ಇರಬಹುದು. 'ಅಪರಿಚಿತ ವ್ಯಕ್ತಿಗಳು' ಅಂತಿದ್ದ ಎಫ್‌ಐಆರ್‌ನಲ್ಲಿ ಆಮೇಲೆ ಯಾರನ್ನೋ ದಸ್ತಗಿರಿ ಮಾಡಬಹುದು. ಆದ್ರೆ ಇದರ ನಂಬರ್, ಅಂದ್ರೆ ಅಪರಾಧ ಸಂಖ್ಯೆ, ನಮ್ಮ ಉತ್ತರ ಕರ್ನಾಟಕದ ಕಡೆ ಹೇಳೋ ಗುನ್ನೆ ನಂಬರ್, ಉಳಿದ ಎಲ್ಲಾ ದಾಖಲೆಗೂ ಬೀಗದ ಕೈ.

ಎರಡು, ಅರೆಸ್ಟ್ ಮೆಮೊ. ಕಲಂ 36. ದಸ್ತಗಿರಿ ಮಾಡೋ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣ್ಬೇಕು, ಮೆಮೊ ಬರೀಬೇಕು, ಮನೆಯವರೊಬ್ಬರು ಅಥವಾ ಆ ಬಡಾವಣೆಯ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕ್ಬೇಕು, ದಸ್ತಗಿರಿ ಆದವರ ಸಹಿನೂ ಇರಬೇಕು. ಇದು ಮೂಲದಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 18ರಂದು ಕೊಟ್ಟ ಹನ್ನೊಂದು ಸೂಚನೆಗಳಿಂದ ಬಂದದ್ದು. ಲಾಕಪ್ ಸಾವುಗಳ ಬಗ್ಗೆ ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ತಗೊಂಡು ಕೋರ್ಟ್ ಆ ತೀರ್ಪು ಕೊಟ್ಟಿತ್ತು. ಕಾಗದ ಇಲ್ಲದ ದಸ್ತಗಿರಿ ಎಷ್ಟು ಅಪಾಯ ಅನ್ನೋದು ಅಷ್ಟರಲ್ಲೇ ಗೊತ್ತಾಗತ್ತೆ.

ಮೂರು, ಠಾಣೆಯ ಪುಸ್ತಕ. ಕಲಂ 48ರ ಪ್ರಕಾರ ದಸ್ತಗಿರಿ ಮಾಡಿದವರು ತಡ ಮಾಡದೆ ಆ ವ್ಯಕ್ತಿ ಹೇಳಿದ ಬಂಧುವಿಗೋ ಸ್ನೇಹಿತರಿಗೋ ವಿಷಯ ತಿಳಿಸ್ಬೇಕು. ದಸ್ತಗಿರಿ ಆಗಿದೆ ಅಂತ ಮಾತ್ರ ಅಲ್ಲ, ಎಲ್ಲಿ ಇಟ್ಟಿದ್ದಾರೆ ಅನ್ನೋದೂ ಹೇಳ್ಬೇಕು. ಯಾರಿಗೆ ತಿಳಿಸಿದ್ರು ಅಂತ ಠಾಣೆಯ ಪುಸ್ತಕದಲ್ಲಿ ನಮೂದಿಸ್ಬೇಕು. ಹಾಜರುಪಡಿಸಿದಾಗ ಇದನ್ನ ಪಾಲಿಸಿದ್ದಾರಾ ಅಂತ ನೋಡೋದು ಮ್ಯಾಜಿಸ್ಟ್ರೇಟರ ಕರ್ತವ್ಯ.

ನಾಲ್ಕು, ಕಲಂ 37ರ ಪಟ್ಟಿ. ತುಂಬಾ ಜನಕ್ಕೆ ಗೊತ್ತಿಲ್ಲದ್ದು ಇದೇ. ಪ್ರತಿ ಜಿಲ್ಲೆಯಲ್ಲಿ ಮತ್ತು ರಾಜ್ಯ ಮಟ್ಟದಲ್ಲಿ ಪೊಲೀಸ್ ಕಂಟ್ರೋಲ್ ರೂಮ್ ಇರಬೇಕು. ಪ್ರತಿ ಜಿಲ್ಲೆಗೆ ಮತ್ತು ಪ್ರತಿ ಠಾಣೆಗೆ ಎಎಸ್‌ಐಗಿಂತ ಕಡಿಮೆ ಇಲ್ಲದ ಒಬ್ಬ ಅಧಿಕಾರಿಯನ್ನ ನೇಮಿಸ್ಬೇಕು. ದಸ್ತಗಿರಿ ಆದವರ ಹೆಸರು, ವಿಳಾಸ, ಅಪರಾಧದ ಸ್ವರೂಪ ಇಟ್ಕೊಳ್ಳೋದು ಅವರ ಜವಾಬ್ದಾರಿ. ಈ ಮಾಹಿತಿಯನ್ನ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣೋ ಹಾಗೆ ಪ್ರದರ್ಶಿಸ್ಬೇಕು, ಡಿಜಿಟಲ್ ರೂಪದಲ್ಲೂ ಮಾಡಬಹುದು ಅಂತ ಕಾನೂನೇ ಹೇಳತ್ತೆ. ಹಳೇ ಕಾನೂನಿನಲ್ಲಿ ಜಿಲ್ಲಾ ಕಂಟ್ರೋಲ್ ರೂಮಿನ ಹೊರಗಿನ ನೋಟೀಸ್ ಬೋರ್ಡ್ ಸಾಕಿತ್ತು. ಈಗ ಪ್ರತಿ ಠಾಣೆಗೂ ಬಂದಿದೆ.

ಐದು, ವೈದ್ಯಕೀಯ ತಪಾಸಣೆ ವರದಿ. ಕಲಂ 53. ದಸ್ತಗಿರಿ ಆದ ಮೇಲೆ ವೈದ್ಯರು ನೋಡ್ಬೇಕು, ಮೈಮೇಲೆ ಗಾಯ ಇದ್ರೆ ಬರೀಬೇಕು. ಇದರ ಪ್ರತಿ ದಸ್ತಗಿರಿ ಆದವರಿಗೆ ಅಥವಾ ಅವರು ಹೇಳಿದವರಿಗೆ ಸಿಗ್ಬೇಕು.

ಆರು, ಕೋರ್ಟಿನ ಕಾಗದ. ಸಂವಿಧಾನದ 22ನೇ ವಿಧಿ ಮತ್ತು ಕಲಂ 58ರ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು. ಪ್ರಯಾಣದ ಸಮಯ ಇದಕ್ಕೆ ಸೇರಲ್ಲ. ಭಾನುವಾರ, ಹಬ್ಬ ಅಂತ ವಿನಾಯಿತಿ ಇಲ್ಲ. ಕೋರ್ಟ್ ರಜಾ ಇದ್ರೆ ನ್ಯಾಯಾಧೀಶರ ಮನೆಗೇ ಕರ್ಕೊಂಡು ಹೋಗ್ತಾರೆ. ಆಗ ಪೊಲೀಸರು ರಿಮ್ಯಾಂಡ್ ಅರ್ಜಿ ಕೊಡ್ತಾರೆ, ಕೋರ್ಟ್ ಆದೇಶ ಬರಿಯತ್ತೆ. ಜೈಲಿಗೆ ಕಳಿಸಿದ್ರೆ ಅಲ್ಲಿಯ ರಿಜಿಸ್ಟರಿನಲ್ಲೂ ಹೆಸರು ಬೀಳತ್ತೆ.

ಮೊದಲ 24 ಗಂಟೆ: ಕ್ರಮವಾಗಿ ಏನು ಮಾಡ್ಬೇಕು

ನಿಮ್ಮ ಮನೆಯವರನ್ನೋ ಗೆಳೆಯನನ್ನೋ ಕರ್ಕೊಂಡು ಹೋಗಿದ್ದಾರೆ ಅಂತಿಟ್ಕೊಳ್ಳಿ.

ಮೊದಲು ಬರ್ಕೊಳ್ಳಿ. ಎಷ್ಟು ಗಂಟೆ, ಎಲ್ಲಿಂದ, ಎಷ್ಟು ಜನ, ಯೂನಿಫಾರ್ಮ್ ಇತ್ತಾ, ಗಾಡಿ ನಂಬರ್ ಏನು, ಯಾವ ಸ್ಟೇಷನ್ ಅಂದ್ರು. ಫೋನಿನ ನೋಟ್ಸಲ್ಲೇ ಬರೀರಿ. ಎರಡು ದಿನ ಆದ್ಮೇಲೆ ಇದೇ ನಿಮ್ಮ ಸಾಕ್ಷಿ.

ಎರಡನೇದು, ಹತ್ತಿರದ ಠಾಣೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ದಸ್ತಗಿರಿ ಮಾಡಿದ್ದೀರಾ, ಇಲ್ಲ ವಿಚಾರಣೆಗೆ ಕರೆಸಿದ್ದೀರಾ ಸರ್?" ಈ ವ್ಯತ್ಯಾಸ ದೊಡ್ಡದು. ದಸ್ತಗಿರಿ ಬೇಕಿಲ್ಲದ ಕೇಸಲ್ಲಿ ಆರೋಪಿಗೆ ಕಲಂ 35(3)ರ ನೋಟೀಸ್ ಕೊಡ್ಬೇಕು. ಸಾಕ್ಷಿಯಾಗಿ ಕರೆಯೋದಾದ್ರೆ ಕಲಂ 179ರ ಲಿಖಿತ ಆದೇಶ ಬೇಕು. ಆ ಕಲಂ ಪ್ರಕಾರ ಹೆಂಗಸರನ್ನ, 15ರೊಳಗಿನ ಹುಡುಗರನ್ನ, 60 ದಾಟಿದ ಗಂಡಸರನ್ನ ಅವರ ಮನೆ ಬಿಟ್ಟು ಬೇರೆ ಕಡೆ ಬಾ ಅನ್ನೋ ಹಾಗಿಲ್ಲ. ದಸ್ತಗಿರಿನೂ ಅಲ್ಲ, ನೋಟೀಸೂ ಇಲ್ಲ, ಆದ್ರೆ ಮನೆಗೆ ಬಿಡ್ತಿಲ್ಲ ಅಂದ್ರೆ ಅದಕ್ಕೆ ಕಾನೂನಲ್ಲಿ ಹೆಸರೇ ಇಲ್ಲ. 'ಸುಮ್ನೆ ವಿಚಾರಣೆ' ಅಂತ ರಾತ್ರಿಯಿಡೀ ಕೂರಿಸೋದು ಇದೇ ಸಂದಿಯಲ್ಲಿ.

ಮೂರನೇದು, ಠಾಣೆಯಲ್ಲಿ ಇಲ್ಲ ಅಂದ್ರೆ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಕಮಿಷನರೇಟ್ ಕಂಟ್ರೋಲ್ ರೂಮ್. ನಂಬರ್ ಜಿಲ್ಲಾ ಪೊಲೀಸ್ ವೆಬ್‌ಸೈಟಲ್ಲಿ ಇರತ್ತೆ, 112ಕ್ಕೆ ಮಾಡಿದ್ರೂ ದಾರಿ ಹೇಳ್ತಾರೆ. ಇಲ್ಲಿ 'ಅರೆಸ್ಟ್ ಲಿಸ್ಟ್ ಕೊಡಿ' ಅನ್ಬೇಡಿ. "ಬಿಎನ್‌ಎಸ್‌ಎಸ್ ಕಲಂ 37ರ ಅಡಿ ನೇಮಕ ಆಗಿರೋ ಅಧಿಕಾರಿ ಯಾರು? ಇಂಥ ಹೆಸರಿನವರ ದಸ್ತಗಿರಿ ಮಾಹಿತಿ ಬಂದಿದೆಯಾ?" ಅಂತ ಕೇಳಿ. ಮಾತಾಡಿದವರ ಹೆಸರು, ಸಮಯ ಬರ್ಕೊಳ್ಳಿ. ಬೇರೆ ಜಿಲ್ಲೆಯ ಅಥವಾ ಬೇರೆ ರಾಜ್ಯದ ಪೊಲೀಸರು ಬಂದು ಕರ್ಕೊಂಡು ಹೋಗಿರೋ ಸಾಧ್ಯತೆನೂ ಇರತ್ತೆ. ಹಾಗಾಗಿ "ಬೇರೆ ಠಾಣೆಯವರು ನಿಮಗೆ ಮಾಹಿತಿ ಕೊಟ್ಟಿದ್ದಾರಾ?" ಅಂತಾನೂ ಸೇರಿಸಿ.

ನಾಲ್ಕನೇದು, 15100. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪೊಲೀಸ್ ವಶದಲ್ಲಿರೋ ಯಾರಿಗೇ ಆಗ್ಲಿ ಉಚಿತ ವಕೀಲರು ಸಿಗೋದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹಕ್ಕು, ಆದಾಯ ಎಷ್ಟು ಅಂತ ನೋಡಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರತ್ತೆ. ವಕೀಲರು ಒಂದು ಫೋನ್ ಮಾಡಿದ್ರೆ ನಿಮಗೆ 'ಗೊತ್ತಿಲ್ಲ' ಅಂದ ಠಾಣೆಗೆ ಗೊತ್ತಾಗಿಬಿಡೋದು ಹೊಸದೇನಲ್ಲ.

ಐದನೇದು, ಬರವಣಿಗೆಯಲ್ಲಿ ಕೇಳಿ. ಬಿಳಿ ಹಾಳೆ ಸಾಕು. ಮಾದರಿ ಹೀಗಿದೆ:

"ಇವರಿಗೆ, ಠಾಣಾಧಿಕಾರಿಗಳು, … ಪೊಲೀಸ್ ಠಾಣೆ. ವಿಷಯ: ನನ್ನ ಸಹೋದರನ ದಸ್ತಗಿರಿ ಮಾಹಿತಿ ಹಾಗೂ ಎಫ್‌ಐಆರ್ ಪ್ರತಿ ಕೋರಿ. ಮಾನ್ಯರೇ, ದಿನಾಂಕ … ರಂದು … ಗಂಟೆಗೆ … ವಿಳಾಸದಿಂದ ನನ್ನ ಸಹೋದರ … ಎಂಬುವರನ್ನು ಪೊಲೀಸರು ಕರೆದುಕೊಂಡು ಹೋಗಿರುತ್ತಾರೆ. ಸದರಿಯವರನ್ನು ದಸ್ತಗಿರಿ ಮಾಡಲಾಗಿದೆಯೇ, ಯಾವ ಅಪರಾಧ ಸಂಖ್ಯೆ ಮತ್ತು ಕಲಂಗಳ ಅಡಿ, ಈಗ ಎಲ್ಲಿ ಇರಿಸಲಾಗಿದೆ, ಯಾವ ನ್ಯಾಯಾಲಯದ ಮುಂದೆ ಯಾವಾಗ ಹಾಜರುಪಡಿಸಲಾಗುವುದು ಎಂಬ ಮಾಹಿತಿಯನ್ನು ಬಿಎನ್‌ಎಸ್‌ಎಸ್ ಕಲಂ 48ರಂತೆ ನೀಡಬೇಕೆಂದೂ, ಎಫ್‌ಐಆರ್‌ನ ದೃಢೀಕೃತ ಪ್ರತಿಯನ್ನು ಒದಗಿಸಬೇಕೆಂದೂ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ಸಮಯ ಹಾಕಿಸ್ಕೊಳ್ಳಿ. ಹಾಕಲ್ಲ ಅಂದ್ರೆ ಜಗಳ ಬೇಡ. ಅದನ್ನೇ ಫೋಟೋ ತೆಗೆದು ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಇಮೇಲ್ ಮಾಡಿ. ಇಮೇಲ್ ಹೋದ ಸಮಯವೇ ದಾಖಲೆ.

ಆರನೇದು, ಇಷ್ಟಾದ್ರೂ 24 ಗಂಟೆ ದಾಟಿ ಎಲ್ಲಿದ್ದಾರೆ ಗೊತ್ತಾಗ್ಲಿಲ್ಲ ಅಂದ್ರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. ಸಂವಿಧಾನದ 226ನೇ ವಿಧಿ. 'ಆ ವ್ಯಕ್ತಿಯನ್ನ ಕೋರ್ಟ್ ಮುಂದೆ ತಂದು ನಿಲ್ಸಿ' ಅಂತ ಕೇಳೋದು. ಮನೆಯವರು ಮಾತ್ರ ಅಲ್ಲ, ಗೆಳೆಯರೂ ಹಾಕಬಹುದು. ಬೆಂಗಳೂರಿಗೇ ಬರ್ಬೇಕಂತಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಇದಕ್ಕೆ ವಕೀಲರ ಸಹಾಯ ತಗೊಳ್ಳಿ.

ಇನ್ನೊಂದು ಮಾತು. 2020ರ ಡಿಸೆಂಬರಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ರೆಕಾರ್ಡಿಂಗನ್ನ 18 ತಿಂಗಳು, ಅಷ್ಟು ಆಗದಿದ್ರೆ ಕನಿಷ್ಠ ಒಂದು ವರ್ಷ ಇಡ್ಬೇಕು ಅಂತ ಹೇಳಿದೆ. ಠಾಣೆಯವರು 'ಅವನು ಇಲ್ಲಿಗೆ ಬಂದೇ ಇಲ್ಲ' ಅಂದ್ರೆ, ಇಂಥ ದಿನದ ಇಂಥ ಸಮಯದ ಫುಟೇಜ್ ಕಾಯ್ದಿರಿಸಿ ಅಂತ ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಸತ್ಯ ಹೇಳಿಸೋಕೆ ಆ ಒಂದು ಸಾಲಿಗೆ ಇರೋ ಶಕ್ತಿ ಕೂಗಾಟಕ್ಕಿಲ್ಲ.

ಎಫ್‌ಐಆರ್ ಫೋನಲ್ಲೇ ನೋಡೋದು

2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಡ್ತು. ಎಫ್‌ಐಆರ್ ಆದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕ್ಬೇಕು. ನೆಟ್‌ವರ್ಕ್ ತೊಂದರೆ ಇರೋ ಕಡೆ 48 ಗಂಟೆ, ಭೌಗೋಳಿಕ ಅಡಚಣೆ ಇದ್ರೆ ಹೆಚ್ಚಂದ್ರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆ ಥರದ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ ಇದೆ. ಆದ್ರೆ ಸೂಕ್ಷ್ಮ ಅಂತ ತೀರ್ಮಾನ ಮಾಡೋಕೆ ಡಿವೈಎಸ್‌ಪಿಗಿಂತ ಕಡಿಮೆ ದರ್ಜೆಯವರಿಗೆ ಅಧಿಕಾರ ಇಲ್ಲ.

ನಮ್ಮಲ್ಲಿ ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟ್ ಇದೆ. ವಿಳಾಸ ಕೆಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಪುಟದ ವಿನ್ಯಾಸ ಆಗಾಗ ಬದಲಾಗತ್ತೆ, ಹಾಗಾಗಿ 'ಇಲ್ಲಿ ಒತ್ತಿ, ಅಲ್ಲಿ ಒತ್ತಿ' ಅಂತ ಹೇಳಲ್ಲ. ಎಫ್‌ಐಆರ್ ಹುಡುಕೋ ಸೇವೆ ನೋಡ್ಕೊಳ್ಳಿ. ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರ್, ವರ್ಷ ಇವು ಬೇಕು. ಬರೀ ಹೆಸರು ಗೊತ್ತಿದ್ರೆ ಸಾಲಲ್ಲ. ಹಾಗಾಗಿ ಠಾಣೆಗೆ ಹೋದಾಗ ಬೇರೇನೂ ಸಿಗದಿದ್ರೂ ಅಪರಾಧ ಸಂಖ್ಯೆ ಒಂದನ್ನ ಕೇಳಿ ಬರ್ಕೊಂಡು ಬನ್ನಿ.

ಆನ್‌ಲೈನಲ್ಲಿ ಸಿಗ್ಲಿಲ್ಲ ಅಂದ್ರೂ ದಾರಿ ಇದೆ. ದೂರು ಕೊಟ್ಟವರಿಗೆ ಮತ್ತು ಸಂತ್ರಸ್ತರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡ್ಬೇಕು ಅಂತ ಕಲಂ 173(2) ಹೇಳತ್ತೆ. ಆರೋಪಿ ಅಥವಾ ಅವರ ಪರವಾಗಿ ಬಂದವರು ಠಾಣೆಗೋ ಎಸ್‌ಪಿಗೋ ಅರ್ಜಿ ಕೊಟ್ಟು ಶುಲ್ಕ ಕಟ್ಟಿದ್ರೆ 24 ಗಂಟೆಯಲ್ಲಿ ದೃಢೀಕೃತ ಪ್ರತಿ ಕೊಡ್ಬೇಕು ಅಂತ ಅದೇ 2016ರ ಆದೇಶ ಹೇಳತ್ತೆ. ಎಫ್‌ಐಆರ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿದ್ರೆ, ಅಲ್ಲಿ ಅರ್ಜಿ ಹಾಕಿದ ಎರಡು ಕೆಲಸದ ದಿನದಲ್ಲಿ ಸಿಗ್ಬೇಕು.

ಕೋರ್ಟಿನ ದಾಖಲೆ: ಇ-ಕೋರ್ಟ್ಸ್

ನನ್ನ ಪ್ರಕಾರ ಸಾಮಾನ್ಯ ಜನರಿಗೆ ಅತಿ ಉಪಯೋಗದ ಸಾಧನ ಇದು. ಇ-ಕೋರ್ಟ್ಸ್ ಸರ್ವೀಸಸ್ ಅನ್ನೋ ಸರ್ಕಾರಿ ವೆಬ್‌ಸೈಟ್, ಅದೇ ಹೆಸರಿನ ಆ್ಯಪ್. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿದ್ರೆ ಪಕ್ಷಗಾರರ ಹೆಸರು, ಎಫ್‌ಐಆರ್ ನಂಬರ್, ವಕೀಲರ ಹೆಸರು, ಕೇಸ್ ನಂಬರ್ ಯಾವುದರಿಂದ ಬೇಕಾದ್ರೂ ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರತ್ತೆ. ಅದನ್ನ ಆ್ಯಪಲ್ಲಿ ಸೇವ್ ಮಾಡಿಟ್ರೆ ಮುಂದಿನ ದಿನಾಂಕ ನೋಡೋಕೆ ಕೋರ್ಟಿಗೆ ಅಲೆಯೋದು ತಪ್ಪತ್ತೆ.

ಒಂದು ಸೂಕ್ಷ್ಮ. ದಸ್ತಗಿರಿ ಆದ ಹೊಸದರಲ್ಲಿ, ದೋಷಾರೋಪ ಪಟ್ಟಿ ಬರೋ ಮೊದಲು, ಮೂಲ ಕೇಸ್ ಇಲ್ಲಿ ಕಾಣದೇ ಇರಬಹುದು. ಆದ್ರೆ ಜಾಮೀನು ಅರ್ಜಿ ಹಾಕಿದ್ರೆ ಅದು 'ಕ್ರಿಮಿನಲ್ ಮಿಸಲೇನಿಯಸ್' ಅಂತ ಬೇರೆಯಾಗಿ ನೋಂದಣಿ ಆಗತ್ತೆ. ಹಾಗಾಗಿ ಏನೂ ಕಾಣ್ಲಿಲ್ಲ ಅಂತ ನಿಲ್ಸಬೇಡಿ, ಪಕ್ಷಗಾರರ ಹೆಸರಲ್ಲೂ ಒಮ್ಮೆ ಹುಡುಕಿ. ಹೆಸರಿನ ಇಂಗ್ಲಿಷ್ ಕಾಗುಣಿತ ನಾಲ್ಕೈದು ಥರ ಹಾಕಿ ನೋಡಿ. ನಮ್ಮ ಕಡೆ ಮಂಜುನಾಥನನ್ನ ಒಬ್ಬೊಬ್ಬ ರೈಟರ್ ಒಂದೊಂದು ಥರ ಟೈಪ್ ಮಾಡ್ತಾರೆ.

ದಸ್ತಗಿರಿ ಯಾಕೆ ಅನ್ನೋ ಕಾರಣದ ಕಾಗದವೂ ಈಗ ಮುಖ್ಯ. 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರಣ ತಿಳಿಸದಿದ್ರೆ ದಸ್ತಗಿರಿಯೇ ಕಾನೂನುಬಾಹಿರ ಅಂತು. ಅದೇ ವರ್ಷ ನವೆಂಬರಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಕಾರಣವನ್ನ ಆ ವ್ಯಕ್ತಿಗೆ ಅರ್ಥವಾಗೋ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡ್ಬೇಕು, ತಕ್ಷಣ ಆಗದಿದ್ರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗೆ ಹಾಜರುಪಡಿಸೋ ಕನಿಷ್ಠ ಎರಡು ಗಂಟೆ ಮುಂಚೆ ಲಿಖಿತವಾಗಿ ಕೊಡ್ಬೇಕು ಅಂತ ಹೇಳ್ತು. ಕನ್ನಡ ಮಾತ್ರ ಬರೋರಿಗೆ ಇಂಗ್ಲಿಷ್ ಹಾಳೆ ಕೊಟ್ಟು ಸಹಿ ಹಾಕಿಸ್ಕೊಂಡ್ರೆ ಸಾಲಲ್ಲ. ವಕೀಲರಿಗೆ ಮೊದಲು ತೋರಿಸ್ಬೇಕಾದ ಕಾಗದ ಇದೇ.

ಆರ್‌ಟಿಐ: ಏನು ಕೇಳಬಹುದು, ಏನು ಕೇಳಿದ್ರೆ ತಿರಸ್ಕಾರ

ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ. ಕರ್ನಾಟಕದಲ್ಲಿ ಆನ್‌ಲೈನ್ ಪೋರ್ಟಲ್ ಇದೆ, ಇಲ್ಲಾಂದ್ರೆ ನಮೂನೆ 'ಎ'ನಲ್ಲಿ ಬರೆದು ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಯಾಕೆ ಬೇಕು ಅಂತ ಕಾರಣ ಹೇಳ್ಬೇಕಾಗಿಲ್ಲ.

ಉತ್ತರಕ್ಕೆ 30 ದಿನ. ಆದ್ರೆ ಒಬ್ಬರ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಪಟ್ಟಿದ್ರೆ 48 ಗಂಟೆ. ಕಲಂ 7(1)ರಲ್ಲಿ ಇದೆ. ಯಾರನ್ನೋ ಎಲ್ಲಿಟ್ಟಿದ್ದಾರೆ ಅನ್ನೋ ಪ್ರಶ್ನೆ ಇದಕ್ಕೇ ಸೇರತ್ತೆ. ಅರ್ಜಿಯ ಮೇಲ್ಭಾಗದಲ್ಲೇ 'ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು, ಕಲಂ 7(1), 48 ಗಂಟೆ' ಅಂತ ದೊಡ್ಡದಾಗಿ ಬರೀರಿ. ಆದ್ರೆ ಆರ್‌ಟಿಐ ಹಾಕಿ ಮನೆಯಲ್ಲಿ ಕೂರ್ಬೇಡಿ. ಮೇಲೆ ಹೇಳಿದ ಹೆಜ್ಜೆಗಳ ಜೊತೆಗೆ ಇದು.

ಸುಲಭವಾಗಿ ಸಿಗೋ ಥರದ ಪ್ರಶ್ನೆಗಳು: ನಿಮ್ಮ ಠಾಣೆಯಲ್ಲಿ ಕಲಂ 37ರ ಅಡಿ ನೇಮಕ ಆದ ಅಧಿಕಾರಿಯ ಹೆಸರು, ಹುದ್ದೆ, ಆದೇಶದ ಪ್ರತಿ. ಇಂಥ ತಿಂಗಳಲ್ಲಿ ಒಟ್ಟು ಎಷ್ಟು ದಸ್ತಗಿರಿ, ಯಾವ ಕಲಂಗಳ ಅಡಿ. ಪ್ರದರ್ಶನಕ್ಕೆ ಹಾಕಿದ ಪಟ್ಟಿಯ ಪ್ರತಿ. ನಿಮ್ಮದೇ ದಸ್ತಗಿರಿಯ ಮೆಮೊ, ವೈದ್ಯಕೀಯ ವರದಿ.

ತಿರಸ್ಕಾರ ಬರೋ ಸಾಧ್ಯತೆ ಇರೋ ಕಡೆ ಎರಡು ಕಾರಣ ಹೇಳ್ತಾರೆ. ಮೊದಲನೇದು ಕಲಂ 8(1)(ಎಚ್), ತನಿಖೆಗೆ ಅಡ್ಡಿ. ತನಿಖೆ ನಡೀತಿದೆ ಅನ್ನೋದಷ್ಟೇ ಸಾಲದು, ಮಾಹಿತಿ ಕೊಟ್ರೆ ಹೇಗೆ ಅಡ್ಡಿ ಆಗತ್ತೆ ಅಂತ ತೋರಿಸ್ಬೇಕು ಅಂತ ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಇದನ್ನ ಬರೀಬಹುದು. ಎರಡನೇದು ಕಲಂ 8(1)(ಜೆ), ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನೇ ತಿದ್ದಿ ಬಿಗಿ ಮಾಡಿದೆ. ಹಾಗಾಗಿ ಪಕ್ಕದ ಮನೆಯವರ ಹೆಸರು ಹಾಕಿ ಕೇಳಿದ್ರೆ 'ಕೊಡಲ್ಲ' ಅನ್ನೋ ಉತ್ತರಕ್ಕೆ ರೆಡಿ ಇರಿ. ಸಾರ್ವಜನಿಕ ಹಿತ ದೊಡ್ಡದಿದ್ರೆ ಕೊಡಬಹುದು ಅನ್ನೋ ಕಲಂ 8(2) ಇನ್ನೂ ಇದೆ, ಆದ್ರೆ ಆ ಹಿತ ಏನು ಅಂತ ನೀವು ತೋರಿಸ್ಬೇಕು.

ಉತ್ತರ ಬರ್ಲಿಲ್ಲ, ಸರಿ ಇಲ್ಲ ಅಂದ್ರೆ 30 ದಿನದೊಳಗೆ ಪ್ರಥಮ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ.

ಯಾವುದು ಸಿಗಲ್ಲ, ಯಾವುದು ಸಿಗಬಾರದು

ಮಕ್ಕಳ ದಾಖಲೆ. 18ರೊಳಗಿನವರ ಹೆಸರು, ಫೋಟೋ, ಶಾಲೆ ಯಾವುದನ್ನೂ ಬಹಿರಂಗ ಮಾಡೋ ಹಾಗಿಲ್ಲ ಅಂತ ಬಾಲನ್ಯಾಯ ಕಾಯ್ದೆಯ ಕಲಂ 74 ಹೇಳತ್ತೆ. ಅತ್ಯಾಚಾರದ ಸಂತ್ರಸ್ತರ ಗುರುತು ಬಯಲು ಮಾಡೋದೂ ಅಪರಾಧ. ಪೊಲೀಸರ ಕೇಸ್ ಡೈರಿ ಆರೋಪಿಗೂ ಸಿಗಲ್ಲ. ದೋಷಾರೋಪ ಪಟ್ಟಿ ಆರೋಪಿಗೆ ಸಿಗತ್ತೆ, ಕೋರ್ಟಿಗೆ ಹಾಜರಾದ 14 ದಿನದೊಳಗೆ ಕೊಡ್ಬೇಕು ಅಂತ ಕಲಂ 230 ಹೇಳತ್ತೆ. ಆದ್ರೆ ಅದನ್ನ ಎಲ್ಲರಿಗೂ ಕಾಣೋ ಹಾಗೆ ವೆಬ್‌ಸೈಟಿಗೆ ಹಾಕ್ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಈಗ ಬಾಡಿಗೆದಾರರನ್ನ, ವರನನ್ನ, ಕೆಲಸದವರನ್ನ 'ಚೆಕ್' ಮಾಡೋಕೆ ಇದನ್ನ ಓದ್ತಿರೋರಿಗೆ. ದಸ್ತಗಿರಿ ಅಂದ್ರೆ ಅಪರಾಧ ಸಾಬೀತು ಅಲ್ಲ. ಪೊಲೀಸರಿಗೆ ಸಂಶಯ ಬಂದಿದೆ ಅಂತಷ್ಟೇ. ಇ-ಕೋರ್ಟ್ಸಲ್ಲಿ ಒಂದು ಹೆಸರು ಸಿಕ್ಕಿತು ಅಂದ್ರೆ ಅದು ಅವರೇನಾ ಅಂತ ಹೇಗೆ ಗೊತ್ತು? ಒಂದೇ ತಾಲ್ಲೂಕಲ್ಲಿ ಒಂದೇ ಹೆಸರಿನವರು ಹತ್ತು ಜನ ಇರ್ತಾರೆ. ಅವರೇ ಆದ್ರೂ ಕೇಸ್ ಏನಾಯ್ತು, ಖುಲಾಸೆ ಆಯ್ತಾ ಅಂತ ಕೊನೇ ಆದೇಶದವರೆಗೆ ಓದಿದ್ರಾ? ಎಫ್‌ಐಆರ್ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹೋಗೋಕೆ ಎರಡು ಸೆಕೆಂಡ್ ಸಾಕು. ಖುಲಾಸೆಯ ಆದೇಶವನ್ನ ಯಾರೂ ಫಾರ್ವರ್ಡ್ ಮಾಡಲ್ಲ. ನಿಜವಾಗಿ ಪರಿಶೀಲನೆ ಬೇಕಿದ್ರೆ ಆ ವ್ಯಕ್ತಿಗೇ ಹೇಳಿ, ಅವರೇ ಪೊಲೀಸ್ ಪರಿಶೀಲನಾ ಪತ್ರ ತಂದುಕೊಡ್ಲಿ. ನಮ್ಮ ರಾಜ್ಯದಲ್ಲಿ ಅದಕ್ಕೆ ಸೇವಾ ಸಿಂಧು ಪೋರ್ಟಲ್ ಇದೆ. ವಿದೇಶಕ್ಕೆ ಹೋಗೋರಿಗೆ ಪಾಸ್‌ಪೋರ್ಟ್ ಸೇವಾ ಮೂಲಕ ಸಿಗತ್ತೆ. ನಿಮ್ಮ ಹೆಸರಲ್ಲಿ ಏನಾದ್ರೂ ಇದೆಯಾ ಅನ್ನೋ ಸಂಶಯಕ್ಕೂ ಇದೇ ನೇರ ದಾರಿ.

ವಿಡಿಯೊ ಕಾಲಲ್ಲಿ ದಸ್ತಗಿರಿ ಆಗಲ್ಲ

ಕೊನೇದಾಗಿ, 'ನಿಮ್ಮ ಮೇಲೆ ವಾರಂಟ್ ಇದೆ, ಕ್ಯಾಮೆರಾ ಆನ್ ಇಡಿ, ಯಾರಿಗೂ ಹೇಳ್ಬೇಡಿ' ಅಂತ ಕಾಲ್ ಬರತ್ತಲ್ಲ, ಆ 'ಡಿಜಿಟಲ್ ಅರೆಸ್ಟ್' ಬಗ್ಗೆ. ಮೇಲೆ ಹೇಳಿದ ಆರು ಕಾಗದ ನೆನಪಿಸ್ಕೊಳ್ಳಿ. ಮೆಮೊ ಎಲ್ಲಿ? ಸಾಕ್ಷಿ ಯಾರು? ಮನೆಯವರಿಗೆ ತಿಳಿಸೋದು ಕಾನೂನು. ಮುಚ್ಚಿಡು ಅನ್ನೋರು ಪೊಲೀಸರಲ್ಲ. ಕಲಂ 35ರ ನೋಟೀಸನ್ನೂ ವಾಟ್ಸ್‌ಆ್ಯಪಲ್ಲಿ ಕಳಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಕಾಲ್ ಕಟ್ ಮಾಡಿ, ಹತ್ತಿರದ ಠಾಣೆಗೆ ಕೇಳಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇಷ್ಟು ಮಾಡಿ ಸಾಕು. ಫೋನಲ್ಲಿ ನಾಲ್ಕು ನಂಬರ್ ಸೇವ್ ಮಾಡಿ: 112, 15100, 1930, ಮತ್ತು ನಿಮ್ಮ ಜಿಲ್ಲೆಯ ಪೊಲೀಸ್ ಕಂಟ್ರೋಲ್ ರೂಮ್. ಆಮೇಲೆ ಮುಂದಿನ ಸಲ ಯಾವುದೋ ಕೆಲಸಕ್ಕೆ ನಿಮ್ಮ ಠಾಣೆ ಕಡೆ ಹೋದಾಗ ಕಲಂ 37ರ ಪಟ್ಟಿ ಎಲ್ಲಿ ಹಾಕಿದ್ದಾರೆ ಅಂತ ಒಮ್ಮೆ ಗಮನಿಸಿ. ಕಾಣ್ಲಿಲ್ಲ ಅಂದ್ರೆ 10 ರೂಪಾಯಿಯ ಒಂದು ಆರ್‌ಟಿಐ ಹಾಕಿ. ನಮ್ಮಲ್ಲಿ ನೂರು ಜನ ನೂರು ಠಾಣೆಗೆ ಕೇಳಿದ್ರೆ ಆ ಬೋರ್ಡಿಗೆ ಒಂದು ಮೊಳೆ ಆದ್ರೂ ಬೀಳತ್ತೆ. ಏನು ಉತ್ತರ ಬಂತು ಅಂತ ನನಗೂ ಹೇಳಿ.

ಇದು ಸಾಮಾನ್ಯ ಮಾಹಿತಿ. ನಿಮ್ಮ ನಿರ್ದಿಷ್ಟ ಕೇಸಿಗೆ ವಕೀಲರ ಮಾತು ಕೇಳಿ. ಮುಂದಿನ ವಾರ ಸಿಗೋಣ.